ಒಂದು ವಿರೋಧ ಮತದ ವಿವರಣೆ

ಕಳೆದ ತಿಂಗಳು, ನಾನು ಸದಸ್ಯನಾಗಿರುವ ಕನ್ನಡಿಗರ ಒಂದು ಶಿಕ್ಷಣ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ ಒಂದು ನಿರ್ಣಯ 11 ಮತಗಳಿಂದ ಅಂಗೀಕೃತವಾಯಿತು. ವಿರುದ್ಧವಾಗಿ ಬಿದ್ದದ್ದು ಒಂದೇ ಮತ, ಅದು ನನ್ನದು. ಸಂಸ್ಥೆಯ ಪ್ರೌಢಶಾಲೆಯಿಂದ ಈ ವರ್ಷ ಹತ್ತನೆಯ ತರಗತಿ ಮುಗಿಸಿ ಹೋಗುವ ಮಕ್ಕಳಿಗಾಗಿ ಒಂದು ‘ಇಯರ್‌ಬುಕ್’ ಹೊರತರಬೇಕು, ಅದರ ಪೂರ್ಣ ವೆಚ್ಚವನ್ನು ಹಿತೈಷಿಗಳಾದ ಉದ್ಯಮಿಯೊಬ್ಬರು ವಹಿಸಿಕೊಳ್ಳುತ್ತಾರೆ, ಕೆಲಸವನ್ನು ಅದೇ ಕಸುಬಿನ ಕಂಪನಿಯೊಂದಕ್ಕೆ ಒಪ್ಪಿಸಬೇಕು ಎಂಬುದು ಆ ನಿರ್ಣಯ. ಇಷ್ಟು ನಿರಪಾಯಕಾರಿಯಾದ, ಒಂದು ಪೈಸೆಯ ಖರ್ಚಿಲ್ಲದ ಸತ್ಕಾರ್ಯಕ್ಕೆ ನಾನು ಅಡ್ಡಗಾಲು ಹಾಕಿದ್ದು ಹಲವರಿಗೆ ವಿಚಿತ್ರವಾಗಿ ತೋರಿತು. ಕಾರಣ ಕೇಳಿದರು. ಆಗಲೇ ರಾತ್ರಿ ಒಂಬತ್ತು ದಾಟಿತ್ತು. ವಿರಾರ್ ಕಡೆಯವರು, ಡೊಂಬಿವಲಿ ಕಡೆಯವರು ಗಾಡಿ ಹಿಡಿಯಬೇಕಾಗಿತ್ತು. “ಬರೆದು ತಿಳಿಸುತ್ತೇನೆ” ಎಂದೆ. ಸರಕಾರದ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೈದು ವರ್ಷ ಸವೆಸಿದವನಿಗೆ ಭಿನ್ನಾಭಿಪ್ರಾಯದ ಟಿಪ್ಪಣಿಯನ್ನು ಕಡತದಲ್ಲಿ ಸೇರಿಸದೆ ನಿದ್ರೆ ಬಾರದು. ಆದ್ದರಿಂದ ಈ ಬರಹ.

ನಿರ್ಣಯದ ಒಕ್ಕಣೆಯಲ್ಲಿ ಇಲ್ಲದಿದ್ದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಸಭೆ ಸೇರುವುದಕ್ಕೆ ಎರಡು ತಿಂಗಳು ಮೊದಲೇ ಅದೇ ಹತ್ತನೆಯ ತರಗತಿಯ ಆರು ಮಂದಿ ಮಕ್ಕಳು ತಾವಾಗಿಯೇ ಇಂಥದೊಂದು ಪುಸ್ತಕದ ಕೆಲಸ ಪ್ರಾರಂಭಿಸಿದ್ದರು. 48 ಪುಟ, ಒಳಗೆಲ್ಲ ಕಪ್ಪುಬಿಳುಪು, 120 ಪ್ರತಿ. ತಮ್ಮ ಬೀದಿಯ ಜೆರಾಕ್ಸ್ ಅಂಗಡಿಯವನಿಂದ ಹಿಡಿದು ದಾದರಿನ ಮುದ್ರಣಾಲಯದವರೆಗೆ ಮೂರು ಕಡೆ ದರ ವಿಚಾರಿಸಿ, ಪ್ರತಿಯೊಂದಕ್ಕೆ 150 ರೂಪಾಯಿಯಂತೆ 18,000 ರೂಪಾಯಿಯ ಅಂದಾಜುಪಟ್ಟಿ ತಯಾರಿಸಿದ್ದರು. ತಲೆಗೆ 100 ರೂಪಾಯಿಯಂತೆ 43 ಮಂದಿಯಿಂದ 4,300 ರೂಪಾಯಿ ಸಂಗ್ರಹಿಸಿದ್ದರು. ಉಳಿದದ್ದಕ್ಕೆ ಔಷಧದ ಅಂಗಡಿ, ಸ್ಟೇಷನರಿ ಅಂಗಡಿ, ಒಂದೆರಡು ಉಡುಪಿ ಹೋಟೆಲುಗಳಿಗೆ ಜಾಹೀರಾತಿಗಾಗಿ ಅಲೆಯುತ್ತಿದ್ದರು. ನಾಲ್ಕು ಪುಟ ಕನ್ನಡಕ್ಕೆ ಮೀಸಲು. ತರಗತಿಯಲ್ಲಿ ಕನ್ನಡ ಓದಿ ಬರೆಯಬಲ್ಲವರು ಒಂಬತ್ತೇ ಮಂದಿ ಎಂಬುದನ್ನು ಗಮನಿಸಿದರೆ ಈ ನಾಲ್ಕು ಪುಟದ ಮಹತ್ವ ತಿಳಿದೀತು. ಆ ಪುಟಗಳನ್ನು ಕೈಯಲ್ಲೇ ಬರೆದು ಹಾಗೆಯೇ ಅಚ್ಚು ಹಾಕಿಸುವುದೆಂದು ಅವರು ನಿಶ್ಚಯಿಸಿದ್ದರು.

ನಿರ್ಣಯವಾದ ಮರುದಿನ ಈ ಮಕ್ಕಳಿಗೆ ಬಂದ ಆದೇಶ: ಹಣವನ್ನು ಹಿಂದಿರುಗಿಸಿ, ನಿಮಗೆ ಇದಕ್ಕಿಂತ ಚೆನ್ನಾದದ್ದು ಉಚಿತವಾಗಿ ಸಿಗಲಿದೆ.

‘ಚೆನ್ನಾದದ್ದು’ ಎಂಬುದರ ಮಾದರಿಯನ್ನು ಕಂಪನಿಯವರು ಸಭೆಯಲ್ಲಿ ತೋರಿಸಿದ್ದರು. ನಿಜಕ್ಕೂ ನುಣುಪಾದ ಕಾಗದ, ಕಣ್ಣು ಕುಕ್ಕುವ ಬಣ್ಣ. ಮೊದಲ ಎಂಟು ಪುಟ ಅಧ್ಯಕ್ಷರ, ಕಾರ್ಯದರ್ಶಿಗಳ, ದಾನಿಗಳ ಭಾವಚಿತ್ರ ಮತ್ತು ಸಂದೇಶ. ಅನಂತರ ಪ್ರತಿ ವಿದ್ಯಾರ್ಥಿಗೂ ಒಂದೇ ಅಳತೆಯ ಚೌಕ. ಅದರೊಳಗೆ ಚಿತ್ರ, ಹೆಸರು, ‘ನನ್ನ ಕನಸು’ ಎಂಬ ಒಂದು ಸಾಲು. ಆ ಸಾಲು ಹೊಳೆಯದವರಿಗಾಗಿ ಕಂಪನಿಯವರೇ ಇಪ್ಪತ್ತು ಕನಸುಗಳನ್ನು ಸಿದ್ಧಪಡಿಸಿಟ್ಟಿದ್ದಾರೆ, ಆರಿಸಿಕೊಂಡರೆ ಸಾಕು. ಕನ್ನಡದ ಪುಟಗಳ ಬಗ್ಗೆ ಕೇಳಿದೆ. ಪ್ರಯೋಗಾರ್ಥವಾಗಿ ಒಂದು ವಾಕ್ಯವನ್ನು ಅವರ ಚೌಕಟ್ಟಿನೊಳಗೆ ಇಳಿಸಿ ತೋರಿಸಿದರು; ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು. “ಬೇಕೇ ಬೇಕು ಎಂದಾದರೆ ಚಿತ್ರದಂತೆ ಅಂಟಿಸಬಹುದು, ಆದರೆ ಇಡೀ ಪುಸ್ತಕದ ಅಂದ ಕೆಡುತ್ತದೆ” ಎಂದರು. ಸಭೆ ಒಪ್ಪಿತು. ಅದು ಕನ್ನಡಿಗರ ಸಂಸ್ಥೆಯ ಸಭೆ ಎಂಬುದನ್ನು ನಾನು ಮತ್ತೆ ಜ್ಞಾಪಿಸಬೇಕಾಗಿಲ್ಲ.

ಆದರೆ ನನ್ನ ವಿರೋಧಕ್ಕೆ ಕನ್ನಡದ ಅಭಿಮಾನವೊಂದೇ ಕಾರಣವಲ್ಲ. ಅದನ್ನು ವಿವರಿಸಲು ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಹಳೆಯದನ್ನು ಹೊಗಳುವುದು ಐವತ್ತು ದಾಟಿದವರ ಸಾಮಾನ್ಯ ರೋಗ. ಆದರೆ ಈ ಕಥೆಯಲ್ಲಿ ನನಗೆ ಹೊಗಳಿಕೆಯ ಭಾಗ ಕಡಿಮೆ.

ನಾನು 1981ರಲ್ಲಿ, ಏಳನೆಯ ತರಗತಿ ಮುಗಿಸಿ, ಊರಿನವರೊಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದವನು. ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಮೊದಲು ಗ್ಲಾಸು ತೊಳೆದೆ, ಅನಂತರ ಮೇಜು ಒರೆಸಿದೆ, ಕೊನೆಗೆ ಬಿಲ್ಲು ಬರೆಯುವಷ್ಟು ಬಡ್ತಿ ಪಡೆದೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಿಕೊಳ್ಳುವುದನ್ನು ಕೇಂದ್ರ ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ನಮ್ಮ ಕಾಲದಲ್ಲಿ ಕರಾವಳಿಯ ಸಾವಿರಾರು ಹುಡುಗರಿಗೆ ಅದೇ ಜೀವನಮಾರ್ಗ. ಅಂಥವರಿಗಾಗಿಯೇ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ನಾನು 1983ರಿಂದ 1986ರವರೆಗೆ ಅಂಥದೊಂದು ಶಾಲೆಯ ವಿದ್ಯಾರ್ಥಿ. ನಗರಪಾಲಿಕೆಯ ಪ್ರಾಥಮಿಕ ಶಾಲೆಯ ಕಟ್ಟಡ. ಹಗಲು ಸಣ್ಣ ಮಕ್ಕಳು ಕೂರುತ್ತಿದ್ದ ಬೆಂಚುಗಳಲ್ಲಿ ಸಂಜೆ ಆರೂವರೆಯಿಂದ ಮೀಸೆ ಮೂಡಿದ ನಾವು ಮೊಣಕಾಲು ಮಡಚಿ ಕೂರುತ್ತಿದ್ದೆವು. ಗುರುಗಳಲ್ಲಿ ಹೆಚ್ಚಿನವರು ಹಗಲು ಬ್ಯಾಂಕುಗಳಲ್ಲೋ ಕಚೇರಿಗಳಲ್ಲೋ ದುಡಿದು ಸಂಜೆ ಪಾಠ ಹೇಳಲು ಬರುವವರು. ಹುಡುಗರನ್ನು ಸಂಜೆಯ ರಶ್ಶಿನ ಹೊತ್ತಿನಲ್ಲೇ ಶಾಲೆಗೆ ಬಿಟ್ಟುಕೊಟ್ಟ ಹೋಟೆಲು ಮಾಲಿಕರ ಔದಾರ್ಯವನ್ನೂ ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ಅವರಿಲ್ಲದೆ ರಾತ್ರಿ ಶಾಲೆಗಳಿರಲಿಲ್ಲ. ಮುಂದೆ ಹೇಳಲಿರುವ ಮಾತಿಗೆ ಈ ಮಾತು ಸಮತೂಕದಲ್ಲಿರಲಿ.

1985ರ ಮಳೆಗಾಲದಲ್ಲಿ ನಮ್ಮ ಹತ್ತನೆಯ ತರಗತಿಗೆ ಒಂದು ವಾರ್ಷಿಕ ಸಂಚಿಕೆ ತರುವ ಹುಚ್ಚು ಹಿಡಿಯಿತು. ಅದಕ್ಕೆ ಮುಂಚೆ ಶಾಲೆಯಲ್ಲಿ ಕೈಬರಹದ ಪತ್ರಿಕೆಯಿತ್ತು. ಒಂದೇ ಪ್ರತಿ, ಓದಿ ಓದಿ ಅಂಚು ಹರಿದದ್ದು. ನಮಗೆ ಅಚ್ಚಾಗಬೇಕಿತ್ತು, ಊರಿಗೆ ಕಳುಹಿಸಬೇಕಿತ್ತು. ಮಗ ಮುಂಬಯಿಯಲ್ಲಿ ಎಂಜಲು ತೊಳೆಯುತ್ತಿದ್ದಾನೆ ಎಂದಷ್ಟೇ ತಿಳಿದ ಮನೆಗೆ ಅವನ ಹೆಸರು ಅಚ್ಚಿನ ಅಕ್ಷರದಲ್ಲಿ ತಲುಪಬೇಕಿತ್ತು. ಹೆಡ್‌ಮಾಸ್ತರರಿಗೆ ಹೇಳಿದೆವು. “ಶಾಲೆಯಲ್ಲಿ ದುಡ್ಡಿಲ್ಲ” ಎಂದರು. ನಾವೇ ಮಾಡುತ್ತೇವೆಂದಾಗ, “ಹಾಗಾದರೆ ಲೆಕ್ಕ ಇಡಿ, ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿ. ಅದೊಂದೇ ನನ್ನ ಷರತ್ತು” ಎಂದರು. ಆ ಷರತ್ತಿನ ಭಾರ ಆಗ ನಮಗೆ ತಿಳಿಯಲಿಲ್ಲ.

ತಿಂಗಳಿಗೆ ತಲೆಗೆ ಎರಡು ರೂಪಾಯಿ. ಟಿಪ್ಸಿನಲ್ಲಿ ಬಂದ ಹತ್ತು ಪೈಸೆ, ನಾಲ್ಕಾಣೆಗಳನ್ನು ಎಣಿಸಿ ಕೊಡುವವರೇ ಹೆಚ್ಚು. ಆರು ತಿಂಗಳಲ್ಲಿ 46 ಮಂದಿಯಿಂದ 552 ರೂಪಾಯಿ ಬರಬೇಕಿತ್ತು, ಬಂದದ್ದು 510. ಬೋರಾ ಬಜಾರಿನಿಂದ ಮಾಟುಂಗದವರೆಗೆ ಹೋಟೆಲು ಹೋಟೆಲು ತಿರುಗಿ ಜಾಹೀರಾತು ಬೇಡಿದೆವು. ಗಿರಣಿ ಮುಷ್ಕರ 1982ರ ಜನವರಿಯಲ್ಲಿ ಪ್ರಾರಂಭವಾಗಿ ಗಿರಣಗಾಂವನ್ನು ನೆಲಕಚ್ಚಿಸಿದ ನಂತರದ ದಿನಗಳು. ಪರೇಲ್, ಲಾಲ್‌ಬಾಗ್ ಕಡೆಯ ಹೋಟೆಲುಗಳಲ್ಲಿ ಕೇಳುವುದಕ್ಕೇ ಸಂಕೋಚವಾಗುತ್ತಿತ್ತು. ಆದರೂ ಒಟ್ಟು 990 ರೂಪಾಯಿಯ ಜಾಹೀರಾತು ಒದಗಿತು. ಅದರಲ್ಲಿ ಹಿಂಬದಿಯ ರಕ್ಷಾಪುಟವೊಂದಕ್ಕೇ 200.

ಕನ್ನಡ ಮೊಳೆಗಳಿದ್ದ ಮುದ್ರಣಾಲಯ ಹುಡುಕುವುದೂ ಒಂದು ಸಾಹಸವೇ ಆಯಿತು. 40 ಪುಟಗಳ ಸಂಚಿಕೆ, ಎಂಟು ಪುಟದ ಫಾರಮಿಗೆ 190ರಂತೆ 950 ರೂಪಾಯಿ, ಎರಡು ರೀಮು ಕಾಗದಕ್ಕೆ 260, ರಕ್ಷಾಪುಟಕ್ಕೆ 140, ಗುಂಪುಚಿತ್ರದ ಬ್ಲಾಕಿಗೆ 85, ಹೊಲಿಗೆಗೆ 65. ಒಟ್ಟು 1,500. ಪ್ರತಿಯೊಬ್ಬರ ಚಿತ್ರಕ್ಕೂ ಬೇರೆ ಬೇರೆ ಬ್ಲಾಕು ಮಾಡಿಸುವುದು ಕನಸಿನ ಮಾತು; ಒಂದೇ ಚಿತ್ರದಲ್ಲಿ 46 ತಲೆ, ಒಂದೊಂದೂ ಅವರೆಕಾಳಿನಷ್ಟು. ರಾತ್ರಿ ಹತ್ತರ ಮೇಲೆ ಹೋಟೆಲಿನ ಮೇಜುಗಳ ಮೇಲೆ ಕರಡಚ್ಚು ಹರಡಿ ತಿದ್ದುತ್ತಿದ್ದೆವು. ಮೊಳೆ ಜೋಡಿಸುವ ಹಿರಿಯರು, ಲೇಖನದಲ್ಲಿ ‘ಳ್ಳ’ ತುಂಬ ಬಂದರೆ ಮೊಳೆ ಸಾಲದೆ, “ಹುಡುಗ್ರಾ, ಬೇರೆ ಶಬ್ದ ಹಾಕ್ರಪ್ಪಾ” ಎಂದು ಬೇಡಿಕೊಳ್ಳುತ್ತಿದ್ದರು. ಎಷ್ಟೋ ವಾಕ್ಯಗಳು ಹಾಗೆ ಮೊಳೆಯ ಅನುಕೂಲಕ್ಕೆ ತಕ್ಕಂತೆ ಬದಲಾಗಿ ಉತ್ತಮಗೊಂಡವು!

ಈಗ ಆ ಹಿಂಬದಿಯ ರಕ್ಷಾಪುಟದ ವಿಚಾರ. ನಮ್ಮ ಸಹಪಾಠಿಯೊಬ್ಬ, ಕುಂದಾಪುರದ ಕಡೆಯವನು, ತಾನು ಮಲಗುವ ಜಾಗದ ಬಗ್ಗೆ ಒಂದೂವರೆ ಪುಟದ ಪ್ರಬಂಧ ಬರೆದಿದ್ದ. ಶಟರು ಎಳೆದ ಮೇಲೆ ನಾಲ್ಕು ಮೇಜು ಜೋಡಿಸಿ ಗೋಣಿ ಹಾಸುವುದು, ತಿಗಣೆಗಳ ದಂಡಯಾತ್ರೆ, ಬೆಳಗಿನ ಜಾವ ನಾಲ್ಕೂವರೆಗೆ ಹಾಲಿನವನು ಬಡಿದೆಬ್ಬಿಸುವುದು, ಸಂಬಳ ಕೈಗೆ ಬಾರದೆ ಊರಿಗೆ ಹೋಗುವಾಗ ಒಟ್ಟಿಗೆ ಸಿಗುವುದು. ಯಾರನ್ನೂ ಹೆಸರಿಸಿರಲಿಲ್ಲ, ದೂರಿರಲೂ ಇಲ್ಲ. ಓದಿದರೆ ನಗು ಬರುತ್ತಿತ್ತು. ಆದರೆ ರಕ್ಷಾಪುಟದ ಜಾಹೀರಾತು ಕೊಟ್ಟವರು ಅವನ ಧಣಿಗಳೇ. ಕರಡಚ್ಚು ಅವರ ಮೇಜಿನ ಮೇಲೆಯೇ ಹರಡಿತ್ತು, ಕಣ್ಣಿಗೆ ಬಿತ್ತು. “ಉಂಡ ಮನೆಯ ಜಂತಿ ಎಣಿಸುವುದನ್ನಾ ನಿಮ್ಮ ಶಾಲೆಯಲ್ಲಿ ಕಲಿಸುವುದು? ಅದು ಇರಬೇಕು, ಇಲ್ಲ ನನ್ನ ಜಾಹೀರಾತು ಇರಬೇಕು” ಎಂದರು.

ಆ ರಾತ್ರಿ ಶಾಲೆ ಬಿಟ್ಟ ಮೇಲೆ ಆಜಾದ್ ಮೈದಾನದಲ್ಲಿ ಕುಳಿತು ಹನ್ನೆರಡರವರೆಗೆ ವಾದ ಮಾಡಿದೆವು. ಒಂದೂವರೆ ಪುಟಕ್ಕಾಗಿ 200 ರೂಪಾಯಿ ಕಳೆದುಕೊಳ್ಳಬೇಕೇ ಎಂದು ಒಂದು ಪಕ್ಷ. ನಮ್ಮ ಸಂಚಿಕೆಯಲ್ಲಿ ನಾವು ಮಲಗುವ ಜಾಗವನ್ನೇ ಬರೆಯಬಾರದಾದರೆ ಇನ್ನೇನು ಬರೆಯುವುದು, ಮುಂಗಾರು ಮಳೆಯ ಮೇಲೆ ಇನ್ನೊಂದು ಪ್ರಬಂಧವೇ ಎಂದು ಇನ್ನೊಂದು. ಬರೆದವನನ್ನೇ ಕೇಳಿದೆವು. ಹೆಸರು ತೆಗೆಯಬಹುದೇ ಎಂದೂ ಕೇಳಿದೆವು. “ಹೆಸರು ತೆಗೆದರೆ ಅಮ್ಮನಿಗೆ ಏನು ಕಳುಹಿಸುವುದು?” ಎಂದ. ಕೈ ಎತ್ತಿಸಿ ಮತ ಎಣಿಸಿದೆವು. ಪ್ರಬಂಧ ಉಳಿಯಿತು, ಜಾಹೀರಾತು ಹೋಯಿತು. ಒಂದು ವಾರದಲ್ಲಿ ಅವನ ಕೆಲಸವೂ ಹೋಯಿತು. ಹೆಡ್‌ಮಾಸ್ತರರು ಅವನಿಗೆ ಬೇರೊಂದು ಕ್ಯಾಂಟೀನಿನಲ್ಲಿ ಜಾಗ ಹುಡುಕಿಕೊಟ್ಟರೆನ್ನುವುದು ನಿಜ. ಆದರೆ ಆ ಮಧ್ಯದ ಹದಿನೈದು ದಿನ ಅವನು ಎಲ್ಲಿ ಮಲಗಿದನೆಂಬುದನ್ನು ನಮ್ಮಲ್ಲಿ ಯಾರೂ ಸರಿಯಾಗಿ ವಿಚಾರಿಸಲಿಲ್ಲ. ಮತ ಹಾಕಿದವರು ನಾವೆಲ್ಲ, ಬೆಲೆ ತೆತ್ತವನು ಒಬ್ಬ. ಇದನ್ನು ನಾನು ಗೆಲುವಿನ ಕಥೆಯಾಗಿ ಹೇಳುತ್ತಿಲ್ಲ.

ಇನ್ನು ನನ್ನ ಕಥೆ. ಖಜಾಂಚಿ ನಾನೇ. ಲೆಕ್ಕದಲ್ಲಿ ಚುರುಕು ಎಂದು ಆರಿಸಿದ್ದರು. ಹಣವೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ, ಡಬ್ಬಿ ನನ್ನ ಟ್ರಂಕಿನಲ್ಲಿ. ಡಿಸೆಂಬರಿನಲ್ಲಿ ಊರಿನಿಂದ ಕಾಗದ ಬಂತು. ತಾಯಿಗೆ ಕಾಯಿಲೆ, ಹಣ ಬೇಕು. ಸಂಬಳಕ್ಕೆ ಇನ್ನೂ ಹದಿನೆಂಟು ದಿನವಿತ್ತು. ಡಬ್ಬಿಯಿಂದ 60 ರೂಪಾಯಿ ತೆಗೆದು ಮನಿಯಾರ್ಡರ್ ಮಾಡಿದೆ. ಸಂಬಳ ಬಂದೊಡನೆ ಇಟ್ಟುಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಸರಕಾರಿ ಹಣ ದುರುಪಯೋಗ ಮಾಡಿದವರ ಎಷ್ಟೋ ವಿವರಣೆಗಳನ್ನು ನಾನು ಈಚೆಗೆ ನನ್ನ ನೌಕರಿಯಲ್ಲಿ ಓದಿದ್ದೇನೆ. ಎಲ್ಲದರಲ್ಲೂ ಇದೇ ವಾಕ್ಯವಿರುತ್ತದೆ. ಸಂಬಳ ಬರುವ ಮೊದಲೇ ಜಾಹೀರಾತು ಹೋಯಿತು, ಮುದ್ರಕರು ಕೊನೆಯ ಫಾರಮಿಗೆ ಕೈ ಹಾಕುವ ಮೊದಲು ಹಣ ಕೇಳಿದರು, ಡಬ್ಬಿ ತೆರೆಯಬೇಕಾಯಿತು. ಎಣಿಸಿದರೆ 1,300 ಇರಬೇಕಾದಲ್ಲಿ 1,240.

ನನ್ನನ್ನು ಯಾರೂ ಹೊಡೆಯಲಿಲ್ಲ, ಬೈದದ್ದು ಒಬ್ಬಿಬ್ಬರು. ಸಂಪಾದಕನಾಗಿದ್ದವನು ಮಾತ್ರ, ಕೊನೆಯ ಪುಟದಲ್ಲಿ ಲೆಕ್ಕ ಅಚ್ಚು ಹಾಕುವುದೆಂದು ಮಾತು ಕೊಟ್ಟಿದ್ದೇವೆ, ಸುಳ್ಳು ಲೆಕ್ಕ ಹಾಕಲು ಬರುವುದಿಲ್ಲ ಎಂದ. ಜಾಹೀರಾತಿನಿಂದಾದ 200 ರೂಪಾಯಿಯ ಕೊರತೆಯನ್ನು 20 ಮಂದಿ ಹತ್ತು ಹತ್ತು ರೂಪಾಯಿ ಹಾಕಿ ತುಂಬಿದರು. ನನ್ನ 60ಕ್ಕೆ ಮುದ್ರಕರು ಒಂದು ತಿಂಗಳ ಸಾಲ ಒಪ್ಪಿದರು. 1986ರ ಜನವರಿಯಲ್ಲಿ ಹೊರಬಂದ ಆ ಸಂಚಿಕೆಯ ನಲವತ್ತನೆಯ ಪುಟದಲ್ಲಿ ಒಂದು ಕಡೆ ‘ಮುದ್ರಕರಿಗೆ ಕೊಡತಕ್ಕದ್ದು ರೂ. 60’ ಎಂದೂ ಇನ್ನೊಂದು ಕಡೆ ‘ಖಜಾಂಚಿಯಿಂದ ಬರತಕ್ಕದ್ದು ರೂ. 60’ ಎಂದೂ ಅಚ್ಚಾಗಿದೆ. ನನ್ನ ಜೀವನದ ಮೊದಲ ಆಢಾವೆ ಪತ್ರಿಕೆ ಅದು. 300 ಪ್ರತಿಗಳು. ಒಂದನ್ನು ನಾನೂ ಊರಿಗೆ ಕಳುಹಿಸಿದೆ. ಅಪ್ಪ ಅಕ್ಷರ ಬಲ್ಲವರು. ಲೆಕ್ಕದ ಪುಟವನ್ನು ಓದಿದರೋ ಇಲ್ಲವೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಣ ಮುಂದಿನ ತಿಂಗಳು ತೀರಿತು. ಸಾಲು ಮಾತ್ರ ಇನ್ನೂ ಅಚ್ಚಾಗಿಯೇ ಇದೆ.

1989ರಲ್ಲಿ ಕಾರಕೂನನಾಗಿ ಸರಕಾರಿ ಸೇವೆಗೆ ಸೇರಿದೆ, ಕೆಲಸ ಮಾಡುತ್ತಲೇ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ಎಂ.ಎ. ಮುಗಿಸಿದೆ. ಹಣಕಾಸಿನ ನಿಯಮಗಳನ್ನು ಬಾಯಿಪಾಠ ಮಾಡಿ ಇಲಾಖಾ ಪರೀಕ್ಷೆ ಪಾಸಾದವನು ನಾನು. ಆದರೆ ಪರರ ಹಣ ಎಂದರೇನೆಂದು ನನಗೆ ಕಲಿಸಿದ್ದು ಆ ಒಂದು ಸಾಲು. ಅದನ್ನು ಕಲಿಸಲು ಹದಿನೇಳು ವರ್ಷದ 46 ಹುಡುಗರ ಕೈಯಲ್ಲಿ ತಮ್ಮದೇ ಹಣವಿರಬೇಕಾಗಿತ್ತು. ದಾನಿಯೊಬ್ಬರು ಆ ವರ್ಷ 1,500 ರೂಪಾಯಿ ಕೊಟ್ಟುಬಿಟ್ಟಿದ್ದರೆ ನಮ್ಮ ಸಂಚಿಕೆಯಲ್ಲಿ ಎರಡು ಬ್ಲಾಕು ಹೆಚ್ಚಿರುತ್ತಿತ್ತು, ಕುಂದಾಪುರದವನ ಪ್ರಬಂಧ ಇರುತ್ತಿರಲಿಲ್ಲ, ನನ್ನ 60 ರೂಪಾಯಿ ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಸಮಿತಿಯ ಮಿತ್ರರು ‘ಇಯರ್‌ಬುಕ್’ ಎಂಬ ಹೆಸರನ್ನು ಅಮೆರಿಕದಿಂದ ತಂದಿದ್ದಾರೆ. ತರುವಾಗ ಅದರ ತಿರುಳನ್ನು ಅಲ್ಲಿಯೇ ಬಿಟ್ಟಿದ್ದಾರೆ. ಅಲ್ಲಿ ಈ ಪದ್ಧತಿ ಹಳೆಯದು. ಯೇಲ್ ಕಾಲೇಜಿನ 1806ರ ತರಗತಿಯವರ ನೆರಳುಚಿತ್ರಗಳ ಸಂಪುಟವನ್ನು ಇದರ ಪೂರ್ವಜನೆಂದು ಹೇಳುವುದುಂಟು. ಚಿತ್ರಗಳನ್ನು ಅಗ್ಗವಾಗಿ ಅಚ್ಚು ಹಾಕಬಲ್ಲ ಹಾಫ್‌ಟೋನ್ ಬ್ಲಾಕು 1880ರ ದಶಕದಲ್ಲಿ ಬಂದ ಮೇಲೆ ಇದು ಹೈಸ್ಕೂಲುಗಳಿಗೂ ಹರಡಿತು. ಇಂದು ಅಲ್ಲಿಯೂ ದೊಡ್ಡ ದೊಡ್ಡ ಕಂಪನಿಗಳೇ ಪುಸ್ತಕವನ್ನು ಅಚ್ಚು ಹಾಕುತ್ತವೆ, ಅಲ್ಲಿಯೂ ಸಿದ್ಧ ಚೌಕಟ್ಟುಗಳ ಹಾವಳಿಯಿದೆ. ಆದರೆ ಅನೇಕ ಶಾಲೆಗಳಲ್ಲಿ ಪುಸ್ತಕ ಕಟ್ಟುವವರು ವಿದ್ಯಾರ್ಥಿಗಳು. ಸಂಪಾದಕನೂ ವಿದ್ಯಾರ್ಥಿ, ಹಣಕಾಸು ನೋಡುವವನೂ ವಿದ್ಯಾರ್ಥಿ. ಪ್ರತಿಗಳನ್ನು ಮುಂಗಡವಾಗಿ ಮಾರುವುದು, ಊರಿನ ಅಂಗಡಿಗಳಿಂದ ಜಾಹೀರಾತು ತರುವುದು, ಗಡುವಿಗೆ ಸರಿಯಾಗಿ ಪುಟ ಕಳುಹಿಸುವುದು ಎಲ್ಲವೂ ಅವರ ಹೊಣೆ. ಕೆಲವೆಡೆ ಅದೊಂದು ಪಾಠದ ವಿಷಯವೇ ಆಗಿದೆ.

ಹಾಗೆಂದು ಅಲ್ಲಿ ಎಲ್ಲವೂ ಸುಖವಾಗಿಲ್ಲ. ಮಿಸೌರಿಯ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ವಿದ್ಯಾರ್ಥಿ ಪತ್ರಿಕೆಯಲ್ಲಿ, ವಿದ್ಯಾರ್ಥಿನಿಯರ ಗರ್ಭಧಾರಣೆ ಮತ್ತು ತಂದೆತಾಯಿಗಳ ವಿಚ್ಛೇದನದ ಮೇಲೆ ಬರೆದ ಲೇಖನಗಳಿದ್ದ ಎರಡು ಪುಟಗಳನ್ನು 1983ರಲ್ಲಿ ಪ್ರಾಂಶುಪಾಲರು ಕಿತ್ತುಹಾಕಿದರು. 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-3ರ ಬಹುಮತದಿಂದ ಶಾಲೆಯ ಪರವಾಗಿಯೇ ತೀರ್ಪು ಕೊಟ್ಟಿತು. ಪತ್ರಿಕೆ ನಡೆಯುವುದು ಶಾಲೆಯ ಆಶ್ರಯದಲ್ಲಿ, ಆದ್ದರಿಂದ ಬೋಧನೆಯ ದೃಷ್ಟಿಯಿಂದ ಸಕಾರಣವಾಗಿ ತಿದ್ದುವ ಅಧಿಕಾರ ಶಾಲೆಗಿದೆ ಎಂಬುದು ಅದರ ತರ್ಕ. ಇದಕ್ಕಿಂತ ನಮ್ಮ ಪ್ರಸಂಗಕ್ಕೆ ಹತ್ತಿರವಾದದ್ದು ಕೆಂಟಕಿ ಸ್ಟೇಟ್ ಯೂನಿವರ್ಸಿಟಿಯ ಪ್ರಕರಣ. ವಿದ್ಯಾರ್ಥಿಗಳು ತಯಾರಿಸಿದ ಇಯರ್‌ಬುಕ್ 1994ರಲ್ಲಿ ಅಚ್ಚಾಗಿ ಬಂದಾಗ ಆಡಳಿತದವರಿಗೆ ರಕ್ಷಾಪುಟದ ನೇರಳೆ ಬಣ್ಣ ಹಿಡಿಸಲಿಲ್ಲ. ಸಂಸ್ಥೆಯ ಬಣ್ಣಗಳು ಹಸಿರು ಮತ್ತು ಹೊನ್ನಿನವು. ಒಳಗೆ ಜಗತ್ತಿನ ಆಗುಹೋಗುಗಳ ಚಿತ್ರಗಳೂ ಹೆಚ್ಚಾದವಂತೆ. ಪ್ರತಿಗಳನ್ನೆಲ್ಲ ಬೀಗದೊಳಗಿಟ್ಟರು. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ, ಈ ಮುಟ್ಟುಗೋಲು ವಾಕ್ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಮಾನಿಸಿತು. ಒಂದು ನೇರಳೆ ರಕ್ಷಾಪುಟಕ್ಕಾಗಿ ಆರೇಳು ವರ್ಷಗಳ ಜಗಳ! ನಮ್ಮಲ್ಲಿ ಅಂಥ ಜಗಳ ಹುಟ್ಟುವುದೇ ಇಲ್ಲ, ಏಕೆಂದರೆ ರಕ್ಷಾಪುಟದ ಬಣ್ಣವನ್ನು ಆರಿಸುವ ಕೆಲಸ ಮಕ್ಕಳಿಗೆ ಬರುವುದೇ ಇಲ್ಲ.

ದೂರದ ಉದಾಹರಣೆ ಬೇಡವೆಂದರೆ ಹತ್ತಿರದ್ದೂ ಇದೆ. ಹೊಸಗನ್ನಡ ಸಾಹಿತ್ಯ ಚರಿತ್ರೆಯಲ್ಲಿ ‘ಪ್ರಬುದ್ಧ ಕರ್ಣಾಟಕ’ದ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸುವುದು ಅನಾವಶ್ಯಕ. ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ಅದು ಹುಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ. ಅಧ್ಯಾಪಕರು ದಾರಿ ತೋರಿದರು ನಿಜ, ಆದರೆ ಒಂದು ಕಾಲೇಜಿನ ಸಂಘ ಇಡೀ ನಾಡಿಗೆ ಸಲ್ಲುವ ಪತ್ರಿಕೆಯನ್ನು ಹೊರತರಬಲ್ಲೆವೆಂದು ಹೊರಟದ್ದು ಯಾವ ಕಂಪನಿಯ ಮಾದರಿಯನ್ನೂ ನೋಡಿಯಲ್ಲ.

ಸಭೆಯಲ್ಲಿ ಬಂದ ಆಕ್ಷೇಪಣೆಗಳಿಗೆ ಉತ್ತರಿಸಬೇಕು. ಹತ್ತನೆಯ ತರಗತಿಯ ಮಕ್ಕಳಿಗೆ ಓದುವ ಹೊತ್ತಿನಲ್ಲಿ ಇದೆಲ್ಲ ಏಕೆ ಎಂದರು ಒಬ್ಬರು. ಹಗಲಿಡೀ ದುಡಿದು ರಾತ್ರಿ ಓದಿದವರೇ ಇದನ್ನು ಮಾಡಿದ್ದಾರೆ ಎಂಬುದಕ್ಕಿಂತ ಹೆಚ್ಚು ಹೇಳಲಾರೆ. ಮಕ್ಕಳ ಚಿತ್ರ, ವಿಳಾಸಗಳು ಸಿಕ್ಕವರ ಕೈಗೆ ಹೋದರೆ ಅಪಾಯವಲ್ಲವೇ ಎಂದರು ಇನ್ನೊಬ್ಬರು. ಈ ಆತಂಕ ನಿಜವಾದದ್ದು, ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 120 ಪ್ರತಿ ಅಚ್ಚು ಹಾಕಿ ತರಗತಿಯಲ್ಲಿ ಹಂಚುವ ಮಕ್ಕಳಿಗಿಂತ, ಅವೇ ಚಿತ್ರಗಳನ್ನೆಲ್ಲ ತನ್ನ ಗಣಕಯಂತ್ರದಲ್ಲಿ ಕೂಡಿಟ್ಟುಕೊಳ್ಳುವ ಕಂಪನಿಯನ್ನು ಕುರಿತು ಈ ಪ್ರಶ್ನೆ ಕೇಳುವುದು ಉಚಿತವಲ್ಲವೇ? ಯಾರನ್ನಾದರೂ ಹೀಯಾಳಿಸಿ ಬರೆದರೆ, ಮೇಷ್ಟ್ರ ಮೇಲೆ ಅಡ್ಡಹೆಸರು ಹಾಕಿದರೆ ಹೊಣೆ ಯಾರು ಎಂಬುದು ಮೂರನೆಯದು. ಒಬ್ಬ ಅಧ್ಯಾಪಕರು ಓದಿ ನೋಡಲಿ. ತೆಗೆದದ್ದಕ್ಕೆ ಕಾರಣವನ್ನು ಮಾತ್ರ ಮಕ್ಕಳಿಗೆ ಬರಹದಲ್ಲಿ ಕೊಡಲಿ. ಕಾರಣ ಬರೆಯಬೇಕೆಂದೊಡನೆ ಅಧಿಕಾರಿಯ ಅರ್ಧ ಆಕ್ಷೇಪಣೆಗಳು ತಾವಾಗಿ ಉದುರುತ್ತವೆ. ಇದು ಕಚೇರಿಯ ಅನುಭವ.

ಹಣದ ಪ್ರಶ್ನೆಯೇ ಎಲ್ಲರನ್ನೂ ಹೆಚ್ಚು ಕಾಡಿದ್ದು. “ಮಕ್ಕಳ ಕೈಯಲ್ಲಿ ದುಡ್ಡೇ? ಹೆಚ್ಚುಕಡಿಮೆಯಾದರೆ?” ಎಂದು ಹಿರಿಯ ಸದಸ್ಯರೊಬ್ಬರು ನನ್ನ ಕಡೆಯೇ ನೋಡಿ ಕೇಳಿದರು, ಲೆಕ್ಕದವನು ತಮ್ಮ ಮಾತನ್ನು ಅನುಮೋದಿಸುತ್ತಾನೆಂಬ ಭರವಸೆಯಿಂದ. ಹೆಚ್ಚುಕಡಿಮೆ ಆಗಿಯೇ ಆಗುತ್ತದೆ, ಮಾನ್ಯರೇ. 60 ರೂಪಾಯಿಯಲ್ಲಿ ಆಗುವುದು ಒಳ್ಳೆಯದೋ, ಅರವತ್ತು ಲಕ್ಷದಲ್ಲಿ ಆಗುವುದು ಒಳ್ಳೆಯದೋ? ಇಬ್ಬರ ಸಹಿಯಿಲ್ಲದೆ ಖರ್ಚಿಲ್ಲ, ರಸೀದಿಯಿಲ್ಲದೆ ಜಮೆಯಿಲ್ಲ, ಕೊನೆಯ ಪುಟದಲ್ಲಿ ಲೆಕ್ಕ ಎಂಬ ಮೂರು ನಿಯಮ ಸಾಕು. ಕೊರತೆ ಬಿದ್ದರೆ ಸಂಸ್ಥೆ ಸಾಲ ಕೊಡಲಿ, ದಾನ ಬೇಡ. ಶುಲ್ಕ ಕೊಡಲಾಗದ ಮಗುವಿಗೆ ಪ್ರತಿಯನ್ನು ಹೇಗೆ ಮುಟ್ಟಿಸಬೇಕೆಂಬುದನ್ನು ಮಕ್ಕಳೇ ತೀರ್ಮಾನಿಸಲಿ. ಅವರು ಅದನ್ನು ನಮಗಿಂತ ನಾಜೂಕಾಗಿ ಮಾಡುತ್ತಾರೆ. ದಾನಿಗಳ ಬಗ್ಗೆ ನನಗೆ ಗೌರವವಿದೆ. ಶಾಲೆಯ ಮಾಳಿಗೆ ಸೋರುತ್ತಿದೆ, ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನಿಲ್ಲ; ಅವರು ಕೊಡುವುದಕ್ಕೆ ಜಾಗ ಬೇಕಾದಷ್ಟಿದೆ.

ಹೋದ ಭಾನುವಾರ ಆ ಆರು ಮಂದಿಯಲ್ಲಿ ಇಬ್ಬರು, ಒಬ್ಬ ಹುಡುಗಿ, ಒಬ್ಬ ಹುಡುಗ, ನನ್ನ ಮನೆಗೆ ಬಂದರು. ವಿರುದ್ಧ ಮತ ಹಾಕಿದ ಅಂಕಲ್ ಇವರೇ ಎಂದು ಯಾರೋ ಹೇಳಿದ್ದರಂತೆ. ಹಣವನ್ನು ಹಿಂದಿರುಗಿಸಲು ಹೊರಟರೆ 43ರಲ್ಲಿ 31 ಮಂದಿ ತೆಗೆದುಕೊಳ್ಳಲು ಒಪ್ಪುತ್ತಿಲ್ಲವಂತೆ, ಪುಸ್ತಕವೇ ಬೇಕಂತೆ. ಒಬ್ಬಳು ತಂದೆಗೆ ವರ್ಗವಾಗಿ ನಾಗಪುರಕ್ಕೆ ಹೋಗಿದ್ದಾಳೆ. ಏನು ಮಾಡಬೇಕೆಂದು ಕೇಳಲು ಬಂದಿದ್ದರು. ನನ್ನಾಕೆ ಕಾಫಿ ತರುವಷ್ಟರಲ್ಲಿ ಹುಡುಗಿ ಚೀಲದಿಂದ ಲೆಕ್ಕದ ಪುಸ್ತಕ ತೆಗೆದು ಮುಂದಿಟ್ಟಳು. ನೂರು ಪುಟದ ಸಾದಾ ನೋಟ್‌ಬುಕ್ಕು, ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ. ದಿನಾಂಕ, ಹೆಸರು, ಮೊತ್ತ, ಸಹಿ. ದರ ವಿಚಾರಿಸಲು ದಾದರಿಗೆ ಹೋಗಿಬಂದ ಬಸ್ಸಿನ ಟಿಕೀಟುಗಳನ್ನೂ ಅಂಟಿಸಿದ್ದಾರೆ. ನನ್ನ ಕೈ ಅಭ್ಯಾಸಬಲದಿಂದ ಕೂಡಿಸುತ್ತ ಹೋಯಿತು. ಖರ್ಚು ಕಳೆದು ಉಳಿಯಬೇಕಾದದ್ದು 4,180. ಅವರು ತಂದಿದ್ದ ಲಕೋಟೆಯಲ್ಲಿದ್ದದ್ದು 4,140. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ಬಹಳ ಸಣ್ಣದಾಗಿ ‘40 ಕಡಿಮೆ, ಗೊತ್ತಿಲ್ಲ’ ಎಂದು ಬರೆದಿತ್ತು.

ಹುಡುಗ ತಲೆ ತಗ್ಗಿಸಿದ. “ನಾವೇ ಹಾಕಿಬಿಡುತ್ತೇವೆ ಅಂಕಲ್” ಎಂದಳು ಹುಡುಗಿ. ಹಾಕುವುದು ಆಮೇಲೆ, ಮೊದಲು ಈ ಸಾಲನ್ನು ಶಾಯಿಯಲ್ಲಿ ಬರೆಯಿರಿ ಎಂದು ಪೆನ್ನು ಕೊಟ್ಟೆ. ಬರೆದರು. ಒಳಗಿನ ಕಪಾಟಿನಿಂದ ಆ ಹಳೆಯ ಸಂಚಿಕೆಯನ್ನು ತಂದು ನಲವತ್ತನೆಯ ಪುಟವನ್ನು ತೆರೆದು ತೋರಿಸಿದೆ. ಖಜಾಂಚಿ ಯಾರೆಂದು ಅವರು ಕೇಳಿದರು, ಹೇಳಿದೆ.

ಮುಂದಿನ ಸಭೆ ಎರಡನೆಯ ಶನಿವಾರ. ನಿರ್ಣಯವನ್ನು ಪುನರ್ವಿಮರ್ಶಿಸಬೇಕೆಂಬ ಸೂಚನೆಯನ್ನು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಮಕ್ಕಳ ಲೆಕ್ಕದ ಪುಸ್ತಕದ ನಕಲನ್ನು, ಶಾಯಿಯಲ್ಲಿ ಬರೆದ ಆ ಸಾಲಿನ ಸಮೇತ, ಅದರೊಂದಿಗೆ ಲಗತ್ತಿಸಿದ್ದೇನೆ.